ಅಟ್ಟದಿಂದ ಇಳಿದ ಇದ್ದಿಲು ಪೆಟ್ಟಿಗೆ

ಹಳೆಯ ಮನೆಯ ಅಟ್ಟದಿಂದ ಇಳಿಯುವ ಸಾಮಾನುಗಳಲ್ಲಿ ಎರಡು ಜಾತಿ. ಕಂಡ ಕೂಡಲೇ ಇದು ಇಂಥದ್ದು, ಇಂಥ ಕೆಲಸಕ್ಕೆ ಬರುತ್ತದೆ ಎಂದು ಗೊತ್ತಾಗುವಂಥವು ಒಂದು ಜಾತಿ. ಹಿತ್ತಾಳೆ ಕೊಳಗ, ತಾಮ್ರದ ಹಂಡೆ, ಒರಳು, ಬೀಸುವ ಕಲ್ಲು ಈ ಗುಂಪಿನವು. ಹೆಸರು ಗೊತ್ತು, ಕೆಲಸವೂ ಗೊತ್ತು, ಆದರೆ ಅದನ್ನು ಕೆಲಸಕ್ಕೆ ಹಚ್ಚುವುದು ಹೇಗೆಂದು ಮನೆಯಲ್ಲಿ ಒಬ್ಬರಿಗೂ ತಿಳಿಯದಂಥವು ಇನ್ನೊಂದು ಜಾತಿ. ಇದ್ದಿಲು ಹಾಕುವ ಇಸ್ತ್ರಿ ಪೆಟ್ಟಿಗೆ ಈ ಎರಡನೆಯ ಜಾತಿಗೆ ಸೇರಿದ್ದು. 'ಓ, ಇಸ್ತ್ರಿ ಪೆಟ್ಟಿಗೆ!' ಎಂದು ಎಲ್ಲರೂ ಗುರುತು ಹಿಡಿಯುತ್ತಾರೆ. ಒಂದು ಕೈಯಲ್ಲಿ ಎತ್ತಲು ಹೋಗಿ, ಭಾರಕ್ಕೆ ಬೆಚ್ಚಿ, ಇನ್ನೊಂದು ಕೈಯನ್ನೂ ತರುತ್ತಾರೆ. ಅಲ್ಲಿಗೆ ತಿಳಿವಳಿಕೆ ಮುಗಿಯಿತು. ಪಕ್ಕದಲ್ಲಿ ಸಾಲಾಗಿರುವ ತೂತುಗಳು ಯಾಕೆ, ಒಳಗಿನ ಜಾಲರಿ ಯಾಕೆ, ಎಷ್ಟು ಇದ್ದಿಲು, ಎಷ್ಟು ಹೊತ್ತು ಎಂದು ಹೇಳಿಕೊಡಬೇಕಾದ ಅಜ್ಜಿ ಗೋಡೆಯ ಮೇಲಿನ ಫೋಟೋದಲ್ಲಿ ಹಾರ ಹಾಕಿಸಿಕೊಂಡು ಸುಮ್ಮನೆ ನೋಡುತ್ತಿರುತ್ತಾರೆ.

ಹಲಸೂರು, ಶಿವಾಜಿನಗರ, ಫ್ರೇಜರ್ ಟೌನ್, ಕಾಕ್ಸ್ ಟೌನ್ ಕಡೆಯ ಹಳೆಯ ಮನೆಗಳು ಒಂದೊಂದಾಗಿ ನೆಲಕ್ಕುರುಳಿ ಆ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಏಳುತ್ತಿರುವ ಕಾಲ ಇದು. ಪಾಲು ಹಂಚಿಕೊಳ್ಳುವಾಗ ಚಿನ್ನಕ್ಕೆ, ಜಾಗಕ್ಕೆ ಜಗಳವಾಗುತ್ತದೆ. ಇಸ್ತ್ರಿ ಪೆಟ್ಟಿಗೆಗೆ ಯಾರೂ ಜಗಳವಾಡುವುದಿಲ್ಲ. ಅದರ ಮುಂದೆ ಮೂರು ದಾರಿಗಳಿವೆ. ಒಂದು, ಗುಜರಿ, ಹಿತ್ತಾಳೆಯದಾದರೆ ತೂಕಕ್ಕೆ ತಕ್ಕ ಬೆಲೆ, ಕಬ್ಬಿಣದ್ದಾದರೆ ಚಿಲ್ಲರೆ ಕಾಸು. ಎರಡು, ಷೋಕೇಸು, ಹೊಳಪು ಕೊಟ್ಟು, ಹೊಟ್ಟೆಯೊಳಗೆ ಒಂದು ಮನಿ ಪ್ಲಾಂಟ್ ನೆಟ್ಟು ಇಡುವುದು. ಮೂರನೆಯದು ಅಪರೂಪ. ಮನೆಯಲ್ಲಿ ಯಾರೋ ಒಬ್ಬರಿಗೆ, ಸಾಮಾನ್ಯವಾಗಿ ಮೊಮ್ಮಗಳಿಗೋ ಹೊಸದಾಗಿ ನಿವೃತ್ತರಾದ ಯಜಮಾನರಿಗೋ, 'ಒಂದು ಸಲ ಹಚ್ಚಿ ನೋಡೋಣ' ಎಂಬ ಆಸೆ ಹುಟ್ಟುವುದು. ಈ ವಾರದ ಅಂಕಣ ಆ ಮೂರನೆಯ ಗುಂಪಿನವರಿಗೆ. ಆಸೆ ಒಳ್ಳೆಯದೇ. ಆದರೆ ಅದರಲ್ಲಿ ಬಟ್ಟೆ ಸುಡುವುದಕ್ಕಿಂತ ದೊಡ್ಡ ಅಪಾಯವೊಂದು ಕೂತಿದೆ. ಅದನ್ನು ಹೇಳದೆ ಬರೀ ಉಪಾಯ ಹೇಳಿದರೆ ಪಾಪ ಬರುತ್ತದೆ. ಹಾಗಾಗಿ ಕೊನೆಯವರೆಗೂ ಓದಿ, ಆಮೇಲೆ ಬೆಂಕಿ ಹಚ್ಚಿ.

ಊರಿನ ಈ ಭಾಗಕ್ಕೂ ಇಸ್ತ್ರಿ ಪೆಟ್ಟಿಗೆಗೂ ಹಳೆಯ ನಂಟು. 1809ರಲ್ಲಿ ಬ್ರಿಟಿಷರು ತಮ್ಮ ಸೇನೆಯ ನೆಲೆಯನ್ನು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ತಂದರು. ಹಲಸೂರು ಕೆರೆಯ ಆಸುಪಾಸಿನ ಬಯಲು 'ದಂಡು' ಆಯಿತು. ದಂಡು ಎಂದಮೇಲೆ ಸಮವಸ್ತ್ರ; ಸಮವಸ್ತ್ರ ಎಂದಮೇಲೆ ಗಂಜಿ ಮತ್ತು ಇಸ್ತ್ರಿ. ಸಿಪಾಯಿಯ ಹಿಂದೆ ದೋಬಿಯೂ ಬಂದ. ಇನ್‌ಫೆಂಟ್ರಿ ರಸ್ತೆಯ ಹೆಸರು ಉಳಿದಿದೆ, ಕ್ಯಾವಲ್ರಿ ರಸ್ತೆ ಕಾಮರಾಜ ರಸ್ತೆಯಾಗಿದೆ, ಸೌತ್ ಪೆರೇಡ್ ಮಹಾತ್ಮ ಗಾಂಧಿ ರಸ್ತೆಯಾಗಿದೆ. ಆ ಬೀದಿಗಳಲ್ಲಿ ಕವಾಯತು ಮಾಡಿದ ಅಂಗಿಗಳ ನೆರಿಗೆಯನ್ನೆಲ್ಲ ತೀಡಿದ್ದು ಇದ್ದಿಲಿನ ಕಾವು. ಮುಂದೆ 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಕೆ.ಆರ್. ಪುರದ ಹತ್ತಿರ ದೂರವಾಣಿನಗರದಲ್ಲಿ ಐಟಿಐ, 1956ರಲ್ಲಿ ಹಳೆಯ ಮದ್ರಾಸು ರಸ್ತೆಯಲ್ಲಿ ಎನ್‌ಜಿಇಎಫ್ ಬಂದವು. ಸಿಪಾಯಿಯ ಖಾಕಿಯ ಜೊತೆಗೆ ಪಾಳಿಗೆ ಹೋಗುವ ಕಾರ್ಮಿಕನ ಸಮವಸ್ತ್ರವೂ ಸೇರಿತು. ಬೆಳಗಿನ ಸೈರನ್ನಿಗೆ ಮುಂಚೆ ಅಂಗಿ ತಯಾರಾಗಿರಬೇಕು.

ಬೆಂಗಳೂರಿನಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರ ಆಗಸ್ಟ್ 5ರಂದು. ಶಿವನಸಮುದ್ರದ ಕರೆಂಟು ಅದಕ್ಕೂ ಮುಂಚೆ, 1902ರಲ್ಲೇ, ಕೋಲಾರದ ಚಿನ್ನದ ಗಣಿಗೆ ಹೋಗಿತ್ತು. ಕರೆಂಟಿನ ಇಸ್ತ್ರಿ ಪೆಟ್ಟಿಗೆಗೆ ಅಮೆರಿಕದ ಹೆನ್ರಿ ಸೀಲಿ ಎಂಬಾತ 1882ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ಬೀದಿಗೆ ದೀಪ ಬರುವುದು ಬೇರೆ, ಪ್ರತಿ ಮನೆಯ ಗೋಡೆಗೆ ಪ್ಲಗ್ಗು ಬರುವುದು ಬೇರೆ. ನಡುವಿನ ದಶಕಗಳನ್ನೆಲ್ಲ ದೂಡಿದ್ದು ಈ ಭಾರದ ಪೆಟ್ಟಿಗೆಯೇ. 'ಇಸ್ತ್ರಿ' ಎಂಬ ಮಾತು ಕೂಡ ನಮ್ಮದಲ್ಲ, ಹಿಗ್ಗಿಸು, ಚಾಚು ಎಂಬ ಅರ್ಥದ ಪೋರ್ಚುಗೀಸ್ ಪದದಿಂದ ಬಂದದ್ದು ಎನ್ನುತ್ತಾರೆ ಬಲ್ಲವರು. ಕೆಂಡದಿಂದ ಬಟ್ಟೆ ತೀಡುವ ಉಪಾಯ ಮಾತ್ರ ಪೋರ್ಚುಗೀಸರಿಗಿಂತ ಬಹಳ ಹಳೆಯದು. ಚೀನಾದ 12ನೇ ಶತಮಾನದ ಒಂದು ಪ್ರಸಿದ್ಧ ಚಿತ್ರದಲ್ಲಿ ಅರಮನೆಯ ಹೆಂಗಸರು ರೇಷ್ಮೆಯನ್ನು ಎರಡು ಕಡೆ ಎಳೆದು ಹಿಡಿದು, ಕೆಂಡ ತುಂಬಿದ ಬಾಣಲೆಯಿಂದ ಉಜ್ಜುತ್ತಿದ್ದಾರೆ. ಅದು ಈಗ ಬಾಸ್ಟನ್ನಿನ ವಸ್ತುಸಂಗ್ರಹಾಲಯದಲ್ಲಿದೆ.

ಇನ್ನು ವಿಷಯಕ್ಕೆ ಬರೋಣ. ಮೊದಲ ಪ್ರಶ್ನೆ: ನಿಮ್ಮ ಕೈಯಲ್ಲಿರುವುದು ಯಾವ ಪೆಟ್ಟಿಗೆ? ನೋಡಲು ಒಂದೇ ಥರ ಕಂಡರೂ ಹಳೆಯವು ಮೂರು ಬಗೆ. ಗಟ್ಟಿ ಕಬ್ಬಿಣದ ತುಂಡಿಗೆ ಹಿಡಿ ಮಾತ್ರ ಇದ್ದು, ಒಳಗೆ ಪೊಳ್ಳಿಲ್ಲದಿದ್ದರೆ ಅದು ಒಲೆಯ ಮೇಲಿಟ್ಟು ಕಾಯಿಸುವ ಬಗೆ. ಒಳಗೆ ಪೊಳ್ಳಿದ್ದು, ಹಿಂಭಾಗದಲ್ಲಿ ಮೇಲಕ್ಕೆ ಎತ್ತುವ ಬಾಗಿಲಿದ್ದು, ಗಾಳಿಗೆ ತೂತೇ ಇಲ್ಲದಿದ್ದರೆ ಅದರೊಳಗೆ ಹೋಗಬೇಕಾದ್ದು ಇದ್ದಿಲಲ್ಲ, ಕೆಂಪಗೆ ಕಾಯಿಸಿದ ಕಬ್ಬಿಣದ ಗಟ್ಟಿ. ಅದಕ್ಕೆ ಇದ್ದಿಲು ತುಂಬಿ 'ಯಾಕೋ ಹತ್ತಿಕೊಳ್ಳುತ್ತಿಲ್ಲ' ಎಂದು ಊದುತ್ತ ಕೂತರೆ ಕಣ್ಣು ಕೆಂಪಾಗುತ್ತದೆಯೇ ಹೊರತು ಪೆಟ್ಟಿಗೆ ಕಾಯುವುದಿಲ್ಲ. ಮುಚ್ಚಳಕ್ಕೆ ಹಿಂದೆ ಕೀಲು, ಮುಂದೆ ಚಿಲಕ, ಎರಡೂ ಪಕ್ಕದಲ್ಲಿ ಗಾಳಿಕಂಡಿ, ಒಳಗೆ ತಳದಿಂದ ಸ್ವಲ್ಪ ಎತ್ತರದಲ್ಲಿ ಜಾಲರಿ ಇದ್ದರೆ ಅದೇ ಇದ್ದಿಲು ಪೆಟ್ಟಿಗೆ. ಜಾಲರಿ ಎಷ್ಟೋ ಪೆಟ್ಟಿಗೆಗಳಲ್ಲಿ ಕಳೆದುಹೋಗಿರುತ್ತದೆ. ಅದಿದ್ದರೆ ಬೂದಿ ಕೆಳಗಿಳಿದು ಕೆಂಡಕ್ಕೆ ಅಡಿಯಿಂದ ಗಾಳಿ ಸಿಗುತ್ತದೆ. ಇಲ್ಲದಿದ್ದರೆ ಕೆಂಡ ಬೇಗ ಮಂಕಾಗುತ್ತದೆ. ಹೋಗಿದ್ದರೆ ಕಬ್ಬಿಣದ ಕೆಲಸದವರ ಹತ್ತಿರ ತೂತು ಹಾಕಿದ ತಗಡೊಂದನ್ನು ಅಳತೆಗೆ ಕತ್ತರಿಸಿಕೊಳ್ಳಬಹುದು.

ನಾಲ್ಕನೆಯ ಬಗೆಯೂ ಒಂದಿದೆ, ಹುಷಾರು. ಅಲಂಕಾರಕ್ಕೆಂದೇ ಹೊಸದಾಗಿ ಎರಕ ಹೊಯ್ದು 'ಆಂಟಿಕ್' ಎಂದು ಮಾರುವಂಥದ್ದು. ತಳ ತೆಳ್ಳಗಿರುತ್ತದೆ, ಸಂದುಗಳನ್ನು ಬೆಸುಗೆಯಿಂದ ಕೂಡಿಸಿರುತ್ತಾರೆ, ಹೊಳಪು ಹೋಗದಿರಲೆಂದು ಮೇಲೆ ವಾರ್ನಿಷ್ ಬಳಿದಿರುತ್ತಾರೆ. ಕೆಂಡ ಬಿದ್ದರೆ ವಾರ್ನಿಷ್ ಹೊಗೆಯಾಡಿ, ಬೆಸುಗೆ ಬಿಡುತ್ತದೆ. ಅದಕ್ಕೆ ಮನಿ ಪ್ಲಾಂಟೇ ಸರಿ.

ನಿಜವಾದ ಪೆಟ್ಟಿಗೆಯೇ ಆದರೆ ಬೆಂಕಿಗೆ ಮುಂಚೆ ಪರೀಕ್ಷೆ ಮಾಡಿ. ಖಾಲಿ ಪೆಟ್ಟಿಗೆಯನ್ನು ಹಿಡಿದು ನಾಲ್ಕಾರು ಸಲ ಹಿಂದೆ ಮುಂದೆ ಬೀಸಿ ನೋಡಿ. ಹಿಡಿ ಅಲುಗಿದರೆ, ಚಿಲಕ ಕಳಚಿದರೆ, ಕೀಲು ಸವೆದು ಮುಚ್ಚಳ ಓರೆಯಾದರೆ ಮುಂದುವರಿಯಬೇಡಿ. ಕೆಂಡ ತುಂಬಿದ ಮೇಲೆ ಚಿಲಕ ಬಿಚ್ಚಿಕೊಂಡರೆ ಸುಡುವುದು ಬಟ್ಟೆಯಲ್ಲ, ಕಾಲು. ಮರದ ಹಿಡಿಗೆ ಹುಳ ಹಿಡಿದಿರುತ್ತದೆ. ಉಗುರಿನಿಂದ ಒತ್ತಿದರೆ ಪುಡಿ ಉದುರಿದರೆ ಬಡಗಿಯ ಹತ್ತಿರ ಹೊಸದು ಹಾಕಿಸಿ. ಹಿಡಿಯ ಕೆಳಗೆ ಒಂದು ತಗಡಿನ ತಡೆ ಇರುತ್ತದೆ, ಕೆಂಡದ ಕಾವು ಬೆರಳಿಗೆ ತಾಗದಿರಲೆಂದು. ಅದೂ ಜಾಗದಲ್ಲಿರಬೇಕು.

ಮೈಯ ಹಿತ್ತಾಳೆಗೆ ಹುಣಸೆಹಣ್ಣು ಸಾಕು. ತಳದ ತುಕ್ಕಿಗೆ ನಯವಾದ ಉಪ್ಪುಕಾಗದ ತಿಕ್ಕಿ, ಒಣ ಬಟ್ಟೆಯಿಂದ ಒರೆಸಿ. ತಳಕ್ಕೆ ಗೀರು ಬಿದ್ದಿದ್ದರೆ ಆ ಗೀರು ರೇಷ್ಮೆಯ ಎಳೆಯನ್ನು ಎಳೆಯುತ್ತದೆ, ಬೆರಳಾಡಿಸಿ ನೋಡಿ. ಹಳೆಯ ಗಂಜಿ ಕರಕಲಾಗಿ ಅಂಟಿದ್ದರೆ ಅದಕ್ಕೊಂದು ಅಡುಗೆಮನೆಯ ಮದ್ದು: ದಪ್ಪ ಕಾಗದದ ಮೇಲೆ ಪುಡಿ ಉಪ್ಪು ಉದುರಿಸಿ, ಬಿಸಿ ಪೆಟ್ಟಿಗೆಯನ್ನು ಅದರ ಮೇಲೆ ಆಡಿಸುವುದು. ಉಪ್ಪು ಕರಕಲನ್ನು ಕೆರೆದು ತೆಗೆಯುತ್ತದೆ. ಆಮೇಲೆ ಮೇಣದಬತ್ತಿಯ ಚೂರನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಅದರ ಮೇಲೆ ಒಮ್ಮೆ ಎಳೆದರೆ ತಳ ಜಾರುಬಂಡೆಯಂತಾಗುತ್ತದೆ. ಬಾಳೆ ಎಲೆಯ ಮೇಲೆ ಎಳೆಯುವವರೂ ಇದ್ದಾರೆ, ಅದರ ಮೈಮೇಲೂ ಮೇಣದ ತೆಳು ಪದರವಿದೆ.

ಈಗ ಇದ್ದಿಲು. ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಬಚ್ಚಲ ಒಲೆಯಲ್ಲಿ ಹಂಡೆ ಕಾದ ಮೇಲೆ ಕೆಂಡ ಉಳಿದಿರುತ್ತಿತ್ತು, ಇಕ್ಕಳದಲ್ಲಿ ಎತ್ತಿ ಪೆಟ್ಟಿಗೆಗೆ ಹಾಕಿಕೊಂಡರೆ ಆಯಿತು. ಸ್ನಾನದ ಬೆಂಕಿಯೇ ಇಸ್ತ್ರಿಗೂ ಆಗುತ್ತಿತ್ತು. ಗೀಸರು ಬಂದು ಆ ಸರಪಳಿ ಕಡಿಯಿತು. ಈಗ ಇದ್ದಿಲನ್ನು ಕೊಳ್ಳಬೇಕು. ಕೆಬಾಬು ಸುಡುವವರು ಇರುವ ಕಡೆ ಇದ್ದಿಲಿನ ವ್ಯಾಪಾರವೂ ಇರುತ್ತದೆ. ಶಿವಾಜಿನಗರದಲ್ಲಿ ಯಾರನ್ನು ಕೇಳಿದರೂ ದಾರಿ ತೋರಿಸಿಯಾರು. ಕಟ್ಟಿಗೆಯ ಇದ್ದಿಲಾಗಲಿ, ತೆಂಗಿನ ಚಿಪ್ಪಿನ ಇದ್ದಿಲಾಗಲಿ ನಡೆಯುತ್ತದೆ. ಅರೆಸುಟ್ಟ ತುಂಡು ಬೇಡ, ಹೊಗೆಯಾಡಿ ಬಟ್ಟೆಗೆ ವಾಸನೆ ಹಿಡಿಸುತ್ತದೆ. ಕಲ್ಲಿದ್ದಲು ಖಂಡಿತ ಬೇಡ. ಸೀಮೆಎಣ್ಣೆ, ಪೆಟ್ರೋಲು ಸುರಿಯುವ ಯೋಚನೆಯನ್ನೇ ಮಾಡಬೇಡಿ. ತುಂಡುಗಳನ್ನು ನಿಂಬೆಹಣ್ಣಿನ ಗಾತ್ರಕ್ಕೆ ಒಡೆದುಕೊಂಡು, ಪೆಟ್ಟಿಗೆಯಲ್ಲಲ್ಲ, ಬಯಲಲ್ಲಿ ಒಂದು ಅಗ್ಗಿಷ್ಟಿಕೆಯಲ್ಲಿಟ್ಟು ಹೊತ್ತಿಸಿ. ಒಣ ತೆಂಗಿನ ನಾರು ಅಡಿಗಿಟ್ಟರೆ ಬೇಗ ಹಿಡಿಯುತ್ತದೆ. ಕಪ್ಪು ಹೋಗಿ, ಕೆಂಪಾಗಿ, ಅದರ ಮೇಲೆ ಬೂದಿಯ ಬಿಳಿ ಪೊರೆ ಕಟ್ಟಿದಾಗ ಕೆಂಡ ಹದಕ್ಕೆ ಬಂತೆಂದು ಅರ್ಥ. ಆಗ ಇಕ್ಕಳದಲ್ಲಿ ಎತ್ತಿ ಪೆಟ್ಟಿಗೆಯ ಅರ್ಧದಷ್ಟು ತುಂಬಿ. ಅರ್ಧ ಸಾಕು. ಕತ್ತಿನವರೆಗೆ ತುಂಬಿದರೆ ಮುಚ್ಚಳ ಹಾಕುವಾಗ ಕೆಂಡ ಪುಡಿಯಾಗಿ, ಕಂಡಿಯಿಂದ ಕಿಡಿ ಹಾರುತ್ತದೆ. ಚಿಲಕ ಹಾಕಿ, ಒಮ್ಮೆ ಎಳೆದು ನೋಡಿ, ಹತ್ತು ಹದಿನೈದು ನಿಮಿಷ ಇಟ್ಟಿಗೆಯ ಮೇಲೆ ಕೂರಿಸಿ. ತಳಕ್ಕೆ ಕಾವು ಇಳಿಯಲು ಅಷ್ಟು ಹೊತ್ತು ಬೇಕು.

ಅಷ್ಟರಲ್ಲಿ ಮೇಜು ಸಿದ್ಧ ಮಾಡಿಕೊಳ್ಳಿ. ಹಳೆಯ ಕಂಬಳಿಯ ಎರಡು ಮಡಿಕೆ, ಮೇಲೆ ಬಿಳಿಯ ಹತ್ತಿಯ ಬೆಡ್‌ಶೀಟು. ಬಣ್ಣದ್ದಾದರೆ ಬಿಸಿಗೆ ಬಣ್ಣ ಬಿಟ್ಟೀತು. ಬಟ್ಟೆಗಳಿಗೆ ಅರ್ಧ ಗಂಟೆ ಮುಂಚೆಯೇ ನೀರು ಚಿಮುಕಿಸಿ ಸುರುಳಿ ಸುತ್ತಿಟ್ಟಿರಬೇಕು. ಇದು ಅಜ್ಜಿಯರ ಶಾಸ್ತ್ರವಲ್ಲ, ರಸಾಯನಶಾಸ್ತ್ರ. ಹತ್ತಿಯ ನೂಲು ಎಂದರೆ ಸೆಲ್ಯುಲೋಸಿನ ಉದ್ದುದ್ದ ಸರಪಳಿಗಳು. ಅಕ್ಕಪಕ್ಕದ ಸರಪಳಿಗಳು ಹೈಡ್ರೋಜನ್ ಬಂಧಗಳಿಂದ ಒಂದಕ್ಕೊಂದು ಕೈ ಹಿಡಿದಿರುತ್ತವೆ. ಬಟ್ಟೆ ಮುದುರಿಕೊಂಡು ಒಣಗಿದರೆ ಕೈ ಹಿಡಿಯುವುದೂ ಮುದುರಿದ ಸ್ಥಿತಿಯಲ್ಲೇ. ನೀರು ಆ ಹಿಡಿತವನ್ನು ಸಡಿಲಿಸುತ್ತದೆ, ಬಿಸಿ ಇನ್ನಷ್ಟು ಸಡಿಲಿಸುತ್ತದೆ, ಪೆಟ್ಟಿಗೆಯ ಭಾರ ಅವುಗಳನ್ನು ಸಪಾಟಾಗಿ ಮಲಗಿಸುತ್ತದೆ, ನೀರು ಆವಿಯಾದಂತೆ ಅವು ಹೊಸ ಜಾಗದಲ್ಲಿ ಮತ್ತೆ ಕೈ ಹಿಡಿಯುತ್ತವೆ. ಒಣಗಿ ಕಟ್ಟಿಗೆಯಾದ ಅಂಗಿಯ ಮೇಲೆ ಎಷ್ಟು ಉಜ್ಜಿದರೂ ಗೆರೆ ಹೋಗದಿರುವುದು ಇದಕ್ಕೇ. ತೀಡಿದ ಅಂಗಿಯನ್ನು ಬಿಸಿಬಿಸಿಯಾಗಿ ತೊಟ್ಟರೆ ಐದೇ ನಿಮಿಷದಲ್ಲಿ ಸುಕ್ಕಾಗುವುದೂ ಇದಕ್ಕೇ. ಆರಲು ಬಿಡಬೇಕು.

ಈಗಿನ ಪೆಟ್ಟಿಗೆಯಲ್ಲಿ ಹತ್ತಿ, ರೇಷ್ಮೆ, ನೈಲಾನ್ ಎಂದು ಬರೆದ ತಿರುಗಣೆ ಇದೆ. ಹತ್ತಿಗೆ ಸುಮಾರು 200 ಡಿಗ್ರಿ, ರೇಷ್ಮೆ ಉಣ್ಣೆಗಳಿಗೆ ಸುಮಾರು 150, ನೈಲಾನಿಗೆ ಸುಮಾರು 110 ಎಂಬುದು ಅದರ ಲೆಕ್ಕ. ಇದ್ದಿಲು ಪೆಟ್ಟಿಗೆಯಲ್ಲಿ ತಿರುಗಣೆ ಇಲ್ಲ, ಅಳೆಯುವವರು ನೀವೇ. ಬೆರಳನ್ನು ನೀರಿಗದ್ದಿ ತಳದ ಅಂಚಿಗೆ ಚಿಮುಕಿಸಿ. ಹನಿ ಅಲ್ಲೇ ಕೂತು ನಿಧಾನವಾಗಿ ಆರಿದರೆ ಕಾವು ಸಾಲದು. 'ಚುರ್' ಎಂದು ತಕ್ಷಣ ಮಾಯವಾದರೆ ಕೆಲಸಕ್ಕೆ ಇಳಿಯಬಹುದು. ಸದ್ದೇ ಇಲ್ಲದೆ ಮುತ್ತಿನಂತೆ ಉರುಳಿ ಜಾರಿಬಿದ್ದರೆ ಕಾವು ಮಿತಿಮೀರಿದೆ. ದೋಸೆ ಕಾವಲಿಯ ಮೇಲೆ ನೀರಿನ ಹನಿ ಕುಣಿಯುವುದನ್ನು ನೋಡಿದ್ದೀರಲ್ಲ, ಅದೇ ಇದು. ಹನಿಯ ಅಡಿಯಲ್ಲೇ ಆವಿಯ ಹಾಸಿಗೆಯೊಂದು ಏರ್ಪಟ್ಟು ಅದು ಲೋಹಕ್ಕೆ ತಾಗದೆ ತೇಲುತ್ತದೆ. 1756ರಲ್ಲಿ ಇದನ್ನು ವಿವರಿಸಿ ಬರೆದ ಜರ್ಮನ್ ವೈದ್ಯ ಲೈಡೆನ್‌ಫ್ರಾಸ್ಟನ ಹೆಸರಿನಿಂದ ವಿಜ್ಞಾನಿಗಳು ಇದನ್ನು ಕರೆಯುತ್ತಾರೆ. ನಮ್ಮ ಅಜ್ಜಿಯರು ಹೆಸರಿಡದೆಯೇ ದೋಸೆ ಹುಯ್ದರು. ಹನಿಯ ಪರೀಕ್ಷೆ ಆದಮೇಲೂ ಮೊದಲು ಒಂದು ಹಳೆಯ ಬಿಳಿ ಬಟ್ಟೆಯ ತುಂಡಿನ ಮೇಲೆ ಎಳೆದು ನೋಡಿ. ಹಳದಿ ಕಲೆ ಬಿದ್ದರೆ ಇನ್ನೂ ಕಾಯಿರಿ.

ಇಂದಿರಾನಗರದ ನಮ್ಮ ಬೀದಿಯ ಕೊನೆಯಲ್ಲಿ ಹೊಂಗೆ ಮರದ ಕೆಳಗೆ ಗಾಡಿ ಹಾಕಿರುವ ಇಸ್ತ್ರಿಯ ಯಜಮಾನರನ್ನು ಈ ಹದದ ಬಗ್ಗೆ ಒಮ್ಮೆ ಕೇಳಿದೆ. "ಕೈ ಕೊಟ್ಟು ನೋಡೋದಲ್ಲ ಸಾರ್, ಕಿವಿ ಕೊಟ್ಟು ಕೇಳ್ಬೇಕು" ಎಂದರು. ಅವರು ಹನಿ ಹಾಕಿ ನೋಡುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದೆಯಂತೆ. ಒದ್ದೆ ಬಟ್ಟೆಯ ಮೇಲೆ ಮೊದಲ ಸಲ ಎಳೆದಾಗ ಬರುವ ಸದ್ದಿನಲ್ಲೇ ತಿಳಿದುಹೋಗುತ್ತದೆ. "ಮೊದ್ಲು ಯಾವ ಬಟ್ಟೆ ತಗೋತೀರಿ, ಯಜಮಾನ್ರೇ?" ಎಂದೆ. "ಪ್ಯಾಂಟು. ಹತ್ತೀದು, ದಪ್ಪಗಿರೋದು. ಆಮೇಲೆ ಶರ್ಟು. ಸೀರೆ ಕೊನೇಗೆ. ಮನೇಲಿ ಕರೆಂಟು ಪೆಟ್ಟಿಗೇಲಿ ನೀವು ಉಲ್ಟಾ ಮಾಡ್ತೀರಿ, ಅಲ್ವಾ ಸಾರ್?" ಎಂದು ನಕ್ಕರು.

ಅವರ ಮಾತಿನಲ್ಲಿ ದೊಡ್ಡ ಸತ್ಯವಿದೆ. ಕರೆಂಟಿನ ಪೆಟ್ಟಿಗೆಯಲ್ಲಿ ಕಡಿಮೆ ಬಿಸಿಯ ಬಟ್ಟೆಯಿಂದ ಶುರುಮಾಡಿ ಮೇಲಕ್ಕೆ ಹೋಗುವುದು ವಾಡಿಕೆ, ಯಾಕೆಂದರೆ ಅದು ಬೇಗ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಇದ್ದಿಲು ಪೆಟ್ಟಿಗೆ ಕಾದು ತುದಿ ಮುಟ್ಟಿದ ಮೇಲೆ ಕೆಂಡ ಸವೆದಂತೆ ಇಳಿಮುಖ. ಆದ್ದರಿಂದ ಕಾವಿನ ತುದಿಯಲ್ಲಿ ದಪ್ಪ ಹತ್ತಿ, ನಡುವೆ ತೆಳು ಹತ್ತಿ, ಕೊನೆಗೆ ಇಳಿದ ಕಾವಿನಲ್ಲಿ ರೇಷ್ಮೆ. ರೇಷ್ಮೆಯನ್ನು ಒಳಮೈ ಹೊರಗೆ ಮಾಡಿ, ಮೇಲೊಂದು ತೆಳು ಹತ್ತಿಯ ಬಟ್ಟೆ ಹೊದಿಸಿ ತೀಡಬೇಕು. ನೀರು ಚಿಮುಕಿಸಿದರೆ ಕಲೆ ಬಿದ್ದೀತು. ಜರಿಯ ಅಂಚಿಗೆ ಪೆಟ್ಟಿಗೆಯನ್ನು ನೇರವಾಗಿ ತಾಗಿಸಬೇಡಿ. ನೈಲಾನ್, ಪಾಲಿಯೆಸ್ಟರುಗಳನ್ನು ಈ ಪೆಟ್ಟಿಗೆಯ ಹತ್ತಿರಕ್ಕೂ ತರಬೇಡಿ. ಅವು ಮೆತ್ತಗಾಗಿ ತಳಕ್ಕೆ ಅಂಟಿಕೊಂಡರೆ ಸೀರೆಯೂ ಹೋಯಿತು, ಪೆಟ್ಟಿಗೆಯೂ ಹೋಯಿತು.

ತೀಡುವಾಗ ಪೆಟ್ಟಿಗೆಯನ್ನು ಒತ್ತಬೇಡಿ. ಮನೆಯ ಪೆಟ್ಟಿಗೆಯೇ ನಾಲ್ಕೈದು ಕಿಲೋ ತೂಗುತ್ತದೆ, ಆ ಭಾರವೇ ಒತ್ತುತ್ತದೆ. ನೀವು ಬರೀ ನಡೆಸಿದರೆ ಸಾಕು. ಎಲ್ಲೂ ನಿಲ್ಲಿಸಬೇಡಿ. ಬೂದಿ ಕೂತು ಕಾವು ಮಂಕಾದರೆ ಬಟ್ಟೆಯಿಂದ ದೂರ, ಬಯಲಿನ ಕಡೆಗೆ ತಿರುಗಿ, ನಾಲ್ಕು ಸಲ ಹಿಂದೆ ಮುಂದೆ ಬೀಸಿ. ಗಾಳಿಕಂಡಿಯಿಂದ ಗಾಳಿ ನುಗ್ಗಿ ಕೆಂಡ ಮತ್ತೆ ಕಣ್ಣು ಬಿಡುತ್ತದೆ. ಬಟ್ಟೆಯ ಮೇಲೆ ಬೂದಿ ಉದುರಿದರೆ ಕೈಯಿಂದ ಉಜ್ಜಬೇಡಿ, ಊದಿ. ಉಜ್ಜಿದ ಬೂದಿ ಬಿಳಿ ಅಂಗಿಯ ಮೇಲೆ ಬೂದು ಗೆರೆಯಾಗಿ ಉಳಿಯುತ್ತದೆ. ಗಂಜಿ ಹಾಕಿದ ಬಟ್ಟೆಯಾದರೆ ಗಂಜಿ ತೆಳ್ಳಗಿರಲಿ, ಗಟ್ಟಿಯಾದ ಗಂಜಿ ತಳಕ್ಕೆ ಹತ್ತಿ ಕಂದುತ್ತದೆ.

ಇಷ್ಟು ಕಲಿತರೆ ಕೆಲಸ ಕಲಿತಂತೆಯೇ. ಆದರೆ ಮೊದಲೇ ಹೇಳಿದ ಅಪಾಯ ಉಳಿದಿದೆ.

ಮೇಲಿನದ್ದೆಲ್ಲವನ್ನೂ ಬಯಲಲ್ಲಿ ಮಾಡಬೇಕು. ಹಿತ್ತಲು, ಮಾಳಿಗೆ, ಮರದ ನೆರಳು, ಇಂಥ ಕಡೆ. ಮನೆಯೊಳಗೆ ಬೇಡ, ಕಿಟಕಿ ತೆರೆದಿದ್ದರೂ ಬೇಡ. ಇದ್ದಿಲು ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ಹೊಗೆ ಇಲ್ಲವೆಂದರೆ ಅನಿಲವೂ ಇಲ್ಲವೆಂದು ನಾವು ತಿಳಿದುಕೊಳ್ಳುತ್ತೇವೆ. ಹೊಗೆಯೇ ಇಲ್ಲದ ಕೆಂಪು ಕೆಂಡವೂ ಇದನ್ನು ಬಿಡುತ್ತಲೇ ಇರುತ್ತದೆ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಅಪ್ಪಿಕೊಳ್ಳುತ್ತದೆ. ಶ್ವಾಸ ಆಡುತ್ತಲೇ ಇರುತ್ತದೆ, ಮೆದುಳಿಗೂ ಹೃದಯಕ್ಕೂ ಆಮ್ಲಜನಕ ತಲುಪುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ಓಕರಿಕೆ, ಆಮೇಲೆ ನಿದ್ದೆಯಂಥ ಮಂಪರು. 'ಸ್ವಲ್ಪ ಸುಸ್ತು, ಮಲಗುತ್ತೇನೆ' ಎಂದು ಒಳಗೆ ಮಲಗಿದವರು ಏಳದೆ ಹೋಗಬಹುದು. ಚಳಿಗಾಲದಲ್ಲಿ ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿದವರ ಸುದ್ದಿ ಉತ್ತರ ಭಾರತದಿಂದ ಬರುತ್ತಲೇ ಇರುತ್ತದೆ. ಕಾರಣ ಇದೇ ಅನಿಲ.

ಹಾಗಾದರೆ ಅಜ್ಜಿಗೆ ಏನೂ ಆಗಲಿಲ್ಲವಲ್ಲ ಎಂದು ಕೇಳಬಹುದು. ಅಜ್ಜಿಯ ಮನೆಗೂ ನಿಮ್ಮ ಫ್ಲ್ಯಾಟಿಗೂ ವ್ಯತ್ಯಾಸವಿದೆ. ಆ ಮನೆಗೆ ಹೆಂಚಿನ ಸಂದಿಯಿತ್ತು, ಅಡುಗೆಮನೆಗೆ ಹೊಗೆಗೂಡಿತ್ತು, ಇಸ್ತ್ರಿ ನಡೆಯುತ್ತಿದ್ದುದು ಹೆಚ್ಚಾಗಿ ಜಗಲಿಯಲ್ಲಿ. ನಿಮ್ಮ ಕಿಟಕಿ ದೂಳು ಬರದಂತೆ, ಸದ್ದು ಬರದಂತೆ, ಸೊಳ್ಳೆ ಬರದಂತೆ ಬಿಗಿಯಾಗಿದೆ. ಗಾಳಿಯೂ ಬರುವುದಿಲ್ಲ. ಆದ್ದರಿಂದ ಪುಟ್ಟ ಬಾಲ್ಕನಿಯ ಬಾಗಿಲು ಕೋಣೆಗೆ ತೆರೆದಿದ್ದರೆ ಅಲ್ಲಿಯೂ ಬೇಡ. ಕರೆಂಟು ಹೋಗಿದೆಯೆಂದು ರಾತ್ರಿ ಅಡುಗೆಮನೆಯಲ್ಲಿ ಹಚ್ಚುವುದಂತೂ ಬೇಡವೇ ಬೇಡ. ಸುಕ್ಕಾದ ಅಂಗಿಯಲ್ಲೇ ಆಫೀಸಿಗೆ ಹೋಗಿ. ಯಾರಿಗಾದರೂ ತಲೆ ಸುತ್ತಿದರೆ ಮೊದಲು ಬಯಲಿಗೆ ಕರೆತನ್ನಿ, ಆಮೇಲೆ ಆಸ್ಪತ್ರೆಗೆ, ಇದ್ದಿಲಿನ ವಿಷಯವನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.

ಕೆಲಸ ಮುಗಿದಮೇಲೂ ಅಪಾಯ ಮುಗಿಯುವುದಿಲ್ಲ. ಬೂದಿಯೊಳಗಿನ ಕೆಂಡ ಗಂಟೆಗಟ್ಟಲೆ ಜೀವ ಹಿಡಿದಿರುತ್ತದೆ. ಪೆಟ್ಟಿಗೆಯೊಳಗೇ ನೀರು ಸುರಿಯಬೇಡಿ. ಕಾದ ಎರಕದ ಕಬ್ಬಿಣ ಬಿರುಕು ಬಿಡುತ್ತದೆ, ಆವಿ ಮುಖಕ್ಕೆ ಹೊಡೆಯುತ್ತದೆ. ಕೆಂಡವನ್ನು ತಗಡಿನ ಬಕೀಟಿಗೆ ಸುರಿದು, ಆ ಮೇಲೆ ದೂರದಿಂದ ನೀರು ಹಾಕಿ. ಪ್ಲಾಸ್ಟಿಕ್ ಕಸದ ಬುಟ್ಟಿಗೆ ಹಾಕಿದರೆ ಮಧ್ಯರಾತ್ರಿ ಅಗ್ನಿಶಾಮಕ ದಳದವರನ್ನು ಎಬ್ಬಿಸಬೇಕಾದೀತು. ಪೆಟ್ಟಿಗೆ ಪೂರಾ ತಣ್ಣಗಾದ ಮೇಲೆಯೇ ಮನೆಯೊಳಕ್ಕೆ ತನ್ನಿ.

ಒಂದು ಅಂಗಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಗಡಿಯಾರ ನೋಡಿಕೊಳ್ಳಿ. ಹೊಸಬರಿಗೆ ಹದಿನೈದು ನಿಮಿಷ ಹಿಡಿದರೂ ಆಶ್ಚರ್ಯವಿಲ್ಲ. ತೋಳು ಸೋತಿರುತ್ತದೆ, ಕುತ್ತಿಗೆಯ ಹಿಂದೆ ಬೆವರು ಇಳಿದಿರುತ್ತದೆ. ಗಾಡಿಯವರ ಪೆಟ್ಟಿಗೆ ಇದಕ್ಕಿಂತ ಭಾರ, ಅವರ ಅಂಗಿಗಳು ಒಂದಲ್ಲ, ದಿನಕ್ಕೆ ಹತ್ತಾರು, ಹಬ್ಬದ ದಿನಗಳಲ್ಲಿ ನೂರರ ಹತ್ತಿರ. ಅವರು ಬಯಲಲ್ಲಿ ನಿಂತಿರುತ್ತಾರೆ, ನಿಜ. ಆದರೂ ದಿನವಿಡೀ ಅದೇ ಕೆಂಡದ ಮೇಲೆ ಬಗ್ಗಿರುತ್ತಾರೆ. ಇದ್ದಿಲನ್ನು ಅವರು ಹಳೆಯದರ ಮೋಹಕ್ಕೆ ಉಳಿಸಿಕೊಂಡಿಲ್ಲ. ಮರದ ಕೆಳಗೆ ಪ್ಲಗ್ಗು ಇಲ್ಲ, ಅಷ್ಟೇ. ತಮಿಳುನಾಡಿನ ತಿರುವಣ್ಣಾಮಲೈನ ವಿನಿಶಾ ಉಮಾಶಂಕರ್ ಎಂಬ ಶಾಲಾ ಬಾಲಕಿ ತನ್ನ ಬೀದಿಯ ಇಸ್ತ್ರಿಯವರು ರಸ್ತೆ ಬದಿ ಕೆಂಡ ಸುರಿಯುವುದನ್ನು ಕಂಡು ಸೂರ್ಯನ ಶಕ್ತಿಯಿಂದ ನಡೆಯುವ ಇಸ್ತ್ರಿ ಗಾಡಿಯೊಂದನ್ನು ರೂಪಿಸಿದಳು. 2021ರಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ಜಗತ್ತಿನ ನಾಯಕರ ಮುಂದೆ ನಿಂತು ಮಾತನಾಡಿದಳು. ನಮ್ಮ ಬೆಂಗಳೂರಿನಲ್ಲೂ ಕೆಲವು ವರ್ಷಗಳಿಂದ ಅಡುಗೆ ಅನಿಲದಿಂದ ಕಾಯುವ ಪೆಟ್ಟಿಗೆಗಳು ಗಾಡಿಗಳ ಮೇಲೆ ಕಾಣಿಸುತ್ತಿವೆ. ಸಿಲಿಂಡರಿನಿಂದ ಹೊರಟ ರಬ್ಬರ್ ಕೊಳವೆಯೊಂದು ಪೆಟ್ಟಿಗೆಯ ಬೆನ್ನಿಗೆ ಸೇರಿರುತ್ತದೆ. ಬೂದಿಯಿಲ್ಲ, ಕಿಡಿಯಿಲ್ಲ, ಬೆಳಗ್ಗೆ ಅರ್ಧ ಗಂಟೆ ಇದ್ದಿಲು ಹೊತ್ತಿಸುವ ಪಾಡಿಲ್ಲ. ನಮ್ಮ ಬೀದಿಯ ಯಜಮಾನರೂ ಅದಕ್ಕೆ ಬದಲಾಗಿದ್ದಾರೆ. ಹಳೆಯ ಪೆಟ್ಟಿಗೆ ಗಾಡಿಯ ಕೆಳಗಿನ ಹಲಗೆಯಲ್ಲಿದೆ. "ಸಿಲಿಂಡರ್ ಮುಗ್ದ ದಿನಕ್ಕಿರ್ಲಿ ಸಾರ್" ಎನ್ನುತ್ತಾರೆ.

ಕನ್ನಡದಲ್ಲಿ 'ಮಡಿ' ಎಂದರೆ ಒಗೆದು ಶುಭ್ರವಾದ ಬಟ್ಟೆ. 'ಮಡಿವಾಳ' ಎಂಬುದು ಅದರಿಂದ ಬಂದ ಮಾತು. 12ನೇ ಶತಮಾನದಲ್ಲಿ ಬಟ್ಟೆ ಒಗೆಯುವುದನ್ನೇ ಕಾಯಕ ಮಾಡಿಕೊಂಡಿದ್ದ ಮಡಿವಾಳ ಮಾಚಿದೇವರನ್ನು ಶರಣರ ಸಾಲಿನಲ್ಲಿ ನೆನೆಯುತ್ತೇವೆ. ಅದೇ ಕಾಯಕದವರ ಹತ್ತಿರ ಶರಟಿಗೆ ಎರಡು ರೂಪಾಯಿ ಹೆಚ್ಚಾಯಿತೆಂದು ಚೌಕಾಸಿಯನ್ನೂ ಮಾಡುತ್ತೇವೆ. ಅಜ್ಜಿಯ ಪೆಟ್ಟಿಗೆಯಿಂದ ಒಂದು ಭಾನುವಾರ ನಾಲ್ಕು ಅಂಗಿ ತೀಡಿದವರು ಮರುದ಼ಿನ ಆ ಚೌಕಾಸಿ ಮಾಡಲಾರರು.

ಕೊನೆಯದಾಗಿ ಒಂದು ಕೆಲಸ. ಪೆಟ್ಟಿಗೆ ತಣ್ಣಗಾಗಿ, ಬೂದಿ ಒರೆಸಿ, ತಳಕ್ಕೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ ಅಟ್ಟಕ್ಕೆ ಏರಿಸುವ ಮುಂಚೆ ಒಂದು ಚೀಟಿ ಬರೆಯಿರಿ. ಅರ್ಧದಷ್ಟು ಕೆಂಡ, ಹದಿನೈದು ನಿಮಿಷ, ಹನಿ 'ಚುರ್' ಎನ್ನಬೇಕು, ದಪ್ಪ ಹತ್ತಿ ಮೊದಲು, ರೇಷ್ಮೆ ಕೊನೆಗೆ, ಮನೆಯೊಳಗೆ ಯಾವತ್ತೂ ಬೇಡ. ಇಷ್ಟೇ ಬರೆದರೆ ಸಾಕು. ಮಡಚಿ ಪೆಟ್ಟಿಗೆಯ ಹೊಟ್ಟೆಯೊಳಗಿಟ್ಟು ಚಿಲಕ ಹಾಕಿ. ಮುಂದೆ ಅದನ್ನು ಇಳಿಸುವವರು ಫೋಟೋ ನೋಡಿಕೊಂಡು ನಿಲ್ಲಬೇಕಾಗಿಲ್ಲ.